ಹಿಡಿದಿಟ್ಟುಕೊಂಡ ವರ್ಷಗಳು

ಕಾಲೇಜಿನ ಲೈಬ್ರರಿಯಲ್ಲಿ ನಾನು ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಹಳೆಯ ಪುಸ್ತಕಗಳ ಜೊತೆ ಬದುಕುವವರಿಗೆ ಸೀನು ತಪ್ಪಿದ್ದಲ್ಲ. ಮೊದಮೊದಲು ಸೀನೆಂದರೆ ಬರೀ ಸೀನಾಗಿತ್ತು. ಮಗಳು ಹುಟ್ಟಿದ ಮೇಲೆ ಅದರ ಜೊತೆ ಒಂದು ಹನಿಯೂ ಸೇರಿಕೊಂಡಿತು. ಹೆರಿಗೆಯಾದವರಿಗೆಲ್ಲ ಇದು ಇದ್ದದ್ದೇ ಎಂದುಕೊಂಡೆ. ನಲವತ್ತೈದು ದಾಟಿದ ಮೇಲೆ ಅದು ಒಂದು ಹನಿಯಾಗಿ ಉಳಿಯಲಿಲ್ಲ.

ಆ ಹೊತ್ತಿಗೆ ಈ ಊರಿನ ಇನ್ನೊಂದು ನಕ್ಷೆಯೇ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಅರಸು ರಸ್ತೆಯ ಯಾವ ಬಟ್ಟೆಯಂಗಡಿಯ ಮಹಡಿಯಲ್ಲಿ ಬಾತ್‌ರೂಮಿದೆ, ಯಾವ ಹೋಟೆಲಿನಲ್ಲಿ ಕಾಫಿ ಕುಡಿಯದಿದ್ದರೂ ಒಳಗೆ ಬಿಡುತ್ತಾರೆ, ಯಾವ ಕಲ್ಯಾಣಮಂಟಪದಲ್ಲಿ ಬಾಗಿಲ ಹತ್ತಿರದ ಕುರ್ಚಿ ಹಿಡಿಯಬೇಕು, ಎಲ್ಲ ಗೊತ್ತಿತ್ತು. ಕಡುಬಣ್ಣದ ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಲೋಟ ನೀರು. ಮೊಬೈಲಿನ ವಿಡಿಯೋ ನೋಡಿ ಯಾರೋ ಹೇಳಿಕೊಟ್ಟ ಹಾಗೆ ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಎಣಿಸುವುದನ್ನೂ ಕಲಿತಿದ್ದೆ. ಬಸ್‌ಸ್ಟಾಪಿನಲ್ಲಿ, ಸಿಗ್ನಲ್ಲಿನಲ್ಲಿ, ಪುಸ್ತಕ ಕೊಡುವ ಕೌಂಟರಿನಲ್ಲಿ ಕೂತೇ ಬಿಗಿಹಿಡಿಯುತ್ತಿದ್ದೆ. ಒಂದು ವರ್ಷ ಬಿಡದೆ ಮಾಡಿದೆ. ಕಡಿಮೆಯಾಗುವ ಬದಲು ಹೆಚ್ಚೇ ಆಯಿತು.

ಒಂದು ಮಧ್ಯಾಹ್ನ ಹಳೆಯ ವಾರಪತ್ರಿಕೆಗಳ ದಪ್ಪ ಸಂಪುಟವೊಂದನ್ನು ಮೇಲಿನ ಸಾಲಿನಿಂದ ಇಳಿಸುತ್ತಿದ್ದೆ. ಧೂಳೆದ್ದಿತು. ಒಂದರ ಹಿಂದೆ ಒಂದು ಮೂರು ಸೀನು ಬಂದವು. ಮೂರನೆಯದು ಮುಗಿಯುವಷ್ಟರಲ್ಲಿ ಲಂಗ ನೆಂದು, ಸೀರೆ ನೆಂದು, ನೆಲದ ಮೇಲೂ ಬಿದ್ದಿತ್ತು. ಸಂಪುಟವನ್ನು ಅವುಚಿಕೊಂಡು ಎರಡು ಕಪಾಟುಗಳ ನಡುವೆ ಹಾಗೇ ನಿಂತುಬಿಟ್ಟೆ. ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿದಿತ್ತು. ಅದರೊಳಗೆ ಧೂಳು ಅವಸರವೇ ಇಲ್ಲದೆ ತೇಲುತ್ತಿತ್ತು. ಹೊರಗೆ ಪಾರಿವಾಳಗಳ ಸದ್ದು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ನಾನು ಅಲ್ಲಿರುವುದು ನನಗೇ ಸಂಬಂಧವಿಲ್ಲದ ಸಂಗತಿ ಅನ್ನಿಸುತ್ತಿತ್ತು. ಯಾವುದೋ ಹುಡುಗಿ ಕೌಂಟರಿನ ಹತ್ತಿರ ಬಂದು "ಮೇಡಂ, ಬುಕ್ ರಿನ್ಯೂ ಮಾಡ್ಬೇಕಿತ್ತು" ಎಂದಳು. "ನಾಳೆ ಬಾಮ್ಮ" ಎಂದು ಕಪಾಟಿನ ಮರೆಯಿಂದಲೇ ಹೇಳಿದ ದನಿ ನನ್ನದೇ ಇರಬೇಕು.

ನಮ್ಮ ಅಟೆಂಡರ್ ಹೆಂಗಸು ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನನ್ನನ್ನು ಹುಡುಕಿಕೊಂಡು ಬಂದರು. ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನೆಲ ನೋಡಿದರು. ಹೋಗಿ ತಮ್ಮ ಸ್ವೆಟರ್ ತಂದು ನನ್ನ ಸೊಂಟಕ್ಕೆ ಕಟ್ಟಿದರು. ಆಮೇಲೆ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು, ನಾನು ನಿಂತಿದ್ದ ಜಾಗದಲ್ಲೇ ಪೂರ್ತಿ ಸುರಿದು, ಓದುವ ಕೋಣೆಗೆಲ್ಲ ಕೇಳುವ ಹಾಗೆ ಕೂಗಿದರು: "ಅಯ್ಯಯ್ಯೋ, ಮೇಡಮ್ಮೋರ ಸೀರೆ ಮೇಲೆಲ್ಲ ನೀರು ಚೆಲ್ಬುಟ್ಟೆ ಕಣ್ರೀ! ನನ್ ಕೈಗಿಷ್ಟು ಬೆಂಕಿ ಹಾಕ!"

ಬದುಕಿನಲ್ಲಿ ಯಾರೂ ನನಗಾಗಿ ಅಷ್ಟು ಒಳ್ಳೆಯ ಸುಳ್ಳು ಹೇಳಿರಲಿಲ್ಲ.

ಆಟೋದವರೆಗೂ ಬಿಡಲು ಬಂದರು. ದಾರಿಯಲ್ಲಿ ದನಿ ತಗ್ಗಿಸಿ ಹೇಳಿದರು: "ಬನ್ನಿಮಂಟಪದಲ್ಲವ್ಳಲ್ಲ ನಮ್ಮಕ್ಕ, ಅವಳ್ಗೂ ಇಂಗೇ ಆಗಿತ್ತು. ಫಿಸಿಯೋ ಅಂತ ಒಬ್ರು ಹೆಂಗಸು ಅವ್ರೆ. ಆಪರೇಷನ್ನೂ ಇಲ್ಲ, ಏನೂ ಇಲ್ಲ. ಬರೀ ವ್ಯಾಯಾಮ ಯೋಳ್ಕೊಟ್ರು."

"ವ್ಯಾಯಾಮ ನಾನೂ ಮಾಡ್ತಿದೀನಿ" ಎಂದೆ.

"ನೀವು ಮಾಡೋದು ಸರಿಯೋ ತಪ್ಪೋ ನೋಡೋರು ಬೇಕಲ್ವಾ? ನಾಚ್ಕೊಂಡು ಕೂತ್ರೆ ಆಯ್ತದಾ? ಓಗ್ಬನ್ನಿ ಮೇಡಂ."

ಹೋದೆ. ಆದರೆ ಹದಿನೈದು ದಿನ ಕಳೆದ ಮೇಲೆ. ಬೆನ್ನುನೋವಿಗೆ ತೋರಿಸಿಕೊಳ್ಳುತ್ತೇನೆ ಎಂದಷ್ಟೇ ಗಂಡನಿಗೆ ಹೇಳಿದ್ದೆ.

ಒಂದು ಸಣ್ಣ ಅಡ್ಡರಸ್ತೆಯಲ್ಲಿ, ಮನೆಯೊಂದರ ಮೊದಲ ಮಹಡಿಯಲ್ಲಿ ಎರಡು ಕೋಣೆಯ ಕ್ಲಿನಿಕ್ಕು. ಕಿಟಕಿಗೆ ತಾಗಿ ಹೊಂಗೆಮರ. ಮೂವತ್ತು ದಾಟಿದ ಹೆಣ್ಣುಮಗಳು ನಗುತ್ತಾ ಒಳಗೆ ಕರೆದಳು. ಫಿಸಿಯೋ ಅವಳೇ. ಕಡಕೊಳದವಳು. ತಂದೆ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಅವಳು ಕೇಳಿದ ಪ್ರಶ್ನೆಗಳನ್ನು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ದಿನಕ್ಕೆ ಎಷ್ಟು ಸಲ ಹೋಗುತ್ತೀರಿ? ಬಂದಾಗ ಹೋಗುತ್ತೀರೋ, ಎಲ್ಲಿ ಬಂದುಬಿಡುತ್ತದೋ ಎಂದು ಮುಂಚೆಯೇ ಹೋಗುತ್ತೀರೋ? ಕೂತಾಗ ನಿಶ್ಚಿಂತೆಯಿಂದ ಕೂರುತ್ತೀರೋ, ಅರ್ಧ ಎದ್ದೇ ಇರುತ್ತೀರೋ? ಮೂರು ದಿನ ಎಲ್ಲವನ್ನೂ ಬರೆದಿಟ್ಟು ತರಲು ಹೇಳಿದಳು. ನಾನು ಲೈಬ್ರರಿಯವಳು. ಗೆರೆ ಹಾಕಿ, ಗಂಟೆ ನಿಮಿಷ ನಮೂದಿಸಿ ಬರೆದೆ. ಮೊದಲ ದಿನವೇ ಹದಿನೇಳು ಸಲ. ನನ್ನ ಅಕ್ಷರದಲ್ಲೇ ಅದನ್ನು ಓದುವಾಗ ಯಾರದೋ ದಿನಚರಿ ಕದ್ದು ಓದಿದ ಹಾಗಾಯಿತು.

"ಒಳಗಿನ ಪರೀಕ್ಷೆ ಇವತ್ತೇ ಆಗ್ಬೇಕು ಅಂತೇನಿಲ್ಲ" ಎಂದಳು ಎರಡನೆಯ ಭೇಟಿಯಲ್ಲಿ. "ನೀವು ಹೂಂ ಅಂದಾಗ ಮಾತ್ರ. ಮಧ್ಯದಲ್ಲಿ ಬೇಡ ಅನ್ಸಿದ್ರೆ ಬೇಡ ಅನ್ನಿ ಮೇಡಂ, ಅಲ್ಲಿಗೇ ನಿಲ್ಲಿಸ್ಬುಡ್ತೀನಿ."

ಮೂರನೆಯ ಭೇಟಿಯಲ್ಲಿ ಹೂಂ ಎಂದೆ. ಅವಳು ಪ್ರತಿಯೊಂದನ್ನೂ ಹೇಳಿಯೇ ಮಾಡಿದಳು. ನಾನು ಹೊಂಗೆಯ ಎಲೆ ನೋಡುತ್ತಾ ಮಲಗಿದ್ದೆ. ಐದು ನಿಮಿಷವೂ ಆಗಲಿಲ್ಲ. ಕೈ ತೊಳೆದುಕೊಂಡು ಬಂದು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಸಡಿಲ ಆಗಿರ್ಬೇಕು, ಅಲ್ವಾ?" ಎಂದೆ.

"ಇಲ್ಲ ಮೇಡಂ. ತುಂಬಾ ಬಿಗಿ ಇದೆ."

ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಬಲಗೈ ಹಿಡಿದು ಮುಷ್ಟಿ ಕಟ್ಟಲು ಹೇಳಿದಳು. "ಇನ್ನೂ ಬಿಗಿಯಾಗಿ. ಹಂಗೇ ಇರಲಿ. ಈಗ ಹಿಡ್ಕೊಳ್ಳಿ" ಎಂದು ಮೇಜಿನ ಮೇಲಿದ್ದ ಪೆನ್ನನ್ನು ನನ್ನ ಕಡೆ ಎಸೆದಳು. ಅದು ಮುಷ್ಟಿಗೆ ಬಡಿದು ಕೆಳಗೆ ಬಿತ್ತು.

"ಯಾವಾಗ್ಲೂ ಬಿಗಿದೇ ಇರೋ ಕೈಗೆ ಹಿಡಿಯೋ ಹೊತ್ತಲ್ಲಿ ಹಿಡಿಯಕ್ಕಾಗಲ್ಲ. ಸೊಂಟದ ತಳದಲ್ಲಿರೋ ಸ್ನಾಯುನೂ ಹಂಗೇ. ಎಲ್ಲರಿಗೂ ಒಂದೇ ತರ ಇರಲ್ಲ, ಕೆಲವ್ರಿಗೆ ಬಿಗಿ ಮಾಡೋದು ಕಲಿಸ್ಬೇಕು. ನಿಮಗೆ ಅದು ಚೆನ್ನಾಗಿ ಗೊತ್ತು. ಬಿಡೋದು ಗೊತ್ತಿಲ್ಲ. ಮೊದ್ಲು ಬಿಡೋದು ಕಲಿಯಣ. ಆ ವಿಡಿಯೋ ವ್ಯಾಯಾಮ ಸದ್ಯಕ್ಕೆ ನಿಲ್ಲಿಸ್ಬುಡಿ."

ಬಿಡುವುದನ್ನು ಕಲಿಯುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಚಾಪೆಯ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ಸ್ಟೂಲಿನ ಮೇಲಿಟ್ಟು, ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಉಸಿರು ಎಳೆದುಕೊಂಡಾಗ ಹೊಟ್ಟೆ ಮೇಲೇಳಬೇಕು, ಅದರ ಕೆಳಗಿನ ತಳವೂ ಮೆಲ್ಲಗೆ ಇಳಿಯಬೇಕು. ಹೇಳುವುದಕ್ಕೆ ಅಷ್ಟೇ. ನನ್ನ ಉಸಿರು ಮಾತ್ರ ಎದೆಯಲ್ಲೇ ಎಲ್ಲೋ ಸಿಕ್ಕಿಕೊಂಡು ಹಿಂದಕ್ಕೆ ಬರುತ್ತಿತ್ತು. "ಅವಸರ ಏನಿಲ್ಲ ಮೇಡಂ" ಎಂದು ಅವಳು ಕಿಟಕಿಯ ಪರದೆ ಅರ್ಧ ಎಳೆದು ಪಕ್ಕದ ಕೋಣೆಗೆ ಹೋಗುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಹಾಗೆ ಮಲಗಿದ್ದಾಗ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಜಾಗಕ್ಕೆ ಹೋದೆ. ಪರದೆಯ ಮೇಲೆ ಎಲೆಗಳ ನೆರಳು ಆಡುತ್ತಿತ್ತು. ಅದು ನೋಡನೋಡುತ್ತಾ ನೀರಾಯಿತು. ಕುಕ್ಕರಹಳ್ಳಿ ಕೆರೆಯ ಏರಿ, ಪಕ್ಕದಲ್ಲಿ ಅಪ್ಪ, ನನಗೆ ಏಳೆಂಟು ವರ್ಷ. ನೀರಿನ ಮೇಲೆ ಬಿಳಿ ಹಕ್ಕಿಗಳು ಕಾಲೇ ಆಡಿಸದ ಹಾಗೆ ಜಾರುತ್ತಿದ್ದವು. ನನಗೆ ಒಂದಕ್ಕೆ ಹೋಗಬೇಕಾಗಿದೆ, ಹೇಳುತ್ತಿಲ್ಲ. ಆಮೇಲೆ ಏರಿ ಕರಗಿ ನಮ್ಮ ಸ್ಕೂಲಿನ ಜಗಲಿಯಾಯಿತು. ಇಡೀ ಸ್ಕೂಲಿಗೆ ಎರಡೇ ಲೆಟ್ರಿನ್ನು, ಒಂದಕ್ಕೆ ಚಿಲಕವಿಲ್ಲ, ಒಂದಕ್ಕೆ ನೀರಿಲ್ಲ. ಹುಡುಗಿಯರು ಯಾರೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಬಿಗಿಹಿಡಿದರೆ ಸಂಜೆ ನಾಲ್ಕೂವರೆಗೆ ಮನೆಯ ಬಚ್ಚಲಿಗೆ ಓಡುವವರೆಗೆ ಹಿಡಿದೇ ಇರುವುದು. ಒಮ್ಮೆ ನೆಂಟರ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅಮ್ಮನ ಕಿವಿಯಲ್ಲಿ ಹೇಳಿದ್ದೆ. ಅಮ್ಮ ನನ್ನ ತೊಡೆ ಒತ್ತಿ, "ಒಳ್ಳೆ ಮನೆ ಹುಡುಗೀರು ದಾರೀಲಿ ಅದನ್ನೆಲ್ಲ ಕೇಳಲ್ಲ, ಹಿಡ್ಕೋ" ಎಂದಿದ್ದಳು. ಅಮ್ಮನ ಬಳೆಗಳ ಸದ್ದು ಕೇಳಿಸಿತು. ಅವಳ ಕೈಯ ಬಿಸಿಯೂ ತೊಡೆಗೆ ತಾಗಿತು. ಅಮ್ಮ ಹೋಗಿ ಹನ್ನೊಂದು ವರ್ಷವಾಗಿತ್ತು.

ಆಗ ಒಳಗೆ ಎಲ್ಲೋ ಏನೋ ಬಿಟ್ಟುಕೊಂಡಿತು. ನೋವಲ್ಲ. ಬೆಚ್ಚಗೆ, ಅಗಲವಾಗಿ, ಉಸಿರು ಮೊದಲ ಸಲ ತಳ ಮುಟ್ಟಿದ ಹಾಗೆ. ಕಣ್ಣೀರು ಕಿವಿಯೊಳಕ್ಕೆ ಇಳಿಯುತ್ತಿದ್ದುದು ಗೊತ್ತಾದದ್ದು ಆಮೇಲೆ.

ಒಳಗೆ ಬಂದ ಅವಳು ನನ್ನನ್ನು ನೋಡಿ ಫ್ಯಾನು ಕಡಿಮೆ ಮಾಡಿ ಒಂದು ಟವೆಲ್ಲು ಕೊಟ್ಟಳು. "ಇಲ್ಲಿ ತುಂಬಾ ಜನ ಅಳ್ತಾರೆ ಮೇಡಂ. ನಿಧಾನಕ್ಕೆ ಏಳಿ" ಎಂದಳು.

ಅವತ್ತು ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದೆ. ಅವರು "ಅದಕ್ಕೇನಾ ನೀನು ಊಟಿಗೆ ಬರಲ್ಲ ಅಂದಿದ್ದು?" ಎಂದರು. ಹೌದೆಂದೆ. "ನನ್ ಜೊತೆ ಬೇಜಾರು ಅಂದ್ಕೊಂಡಿದ್ದೆ" ಎಂದರು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ, ಹಾಲು ಬರುವ ಮುಂಚೆ, ನಡುಮನೆಯಲ್ಲಿ ಚಾಪೆ ಹಾಸಿ ಮಾಡತೊಡಗಿದೆ. ನಮ್ಮ ಜೊತೆ ಇರುವ ನಮ್ಮತ್ತೆಗೆ ಎಪ್ಪತ್ತನಾಲ್ಕು. ಅವರ ತಂದೆ ಅರಮನೆಯ ಸೇವೆಯಲ್ಲಿದ್ದವರು. ಅತ್ತೆ ನಡೆಯುವ ರೀತಿ, ನಿಲ್ಲುವ ರೀತಿಯಲ್ಲೇ ಒಂದು ಠೀವಿ. ಯಾರ ಮನೆಗೆ ಹೋದರೂ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಮದುವೆಗೆ ಹೋದರೆ ಅಕ್ಷತೆ ಹಾಕಿ ಊಟಕ್ಕೆ ನಿಲ್ಲದೆ ಹೊರಡುತ್ತಿದ್ದರು. ಹೆಂಗಸರು ಜಮಖಾನದ ಮೇಲೆ ಕೂತು ಹಾಡುವಾಗ ಇವರು ಬಾಗಿಲ ಹತ್ತಿರ ನಿಂತಿರುತ್ತಿದ್ದರು. ಜೋರಾಗಿ ನಕ್ಕಿದ್ದು ನಾನು ನೋಡಿಯೇ ಇರಲಿಲ್ಲ. ದೊಡ್ಡ ಮನೆತನದ ಗರ್ವ ಎಂದು ನಾನೂ, ನೆಂಟರೂ ಎಂದೋ ತೀರ್ಮಾನಿಸಿಬಿಟ್ಟಿದ್ದೆವು.

ಒಂದು ಬೆಳಿಗ್ಗೆ ನಾನು ಕಾಲು ಕುರ್ಚಿಯ ಮೇಲಿಟ್ಟು ಮಲಗಿದ್ದಾಗ ಅತ್ತೆ ಬಂದು ನಿಂತರು.

"ಇದೇನೆ ಇದು, ದಿನಾ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅರ್ಧ ನಿದ್ದೆಯ ಆ ಹೊತ್ತಿನಲ್ಲಿ ಸಂಕೋಚ ಅಷ್ಟಾಗಿ ಇರಲಿಲ್ಲ. ಅತ್ತೆ ಕೇಳಿಸಿಕೊಂಡು ಕಿಟಕಿಯ ಕಡೆ ತಿರುಗಿದರು. ಹೊರಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಪಕ್ಕದ ಮನೆಯ ಅಂಗಳಕ್ಕೆ ಯಾರೋ ನೀರು ಚಿಮುಕಿಸುವ ಸದ್ದು.

"ಕೆಳಗೆ ಇಳಿದಿರೋದಕ್ಕೂ ಏನಾದ್ರೂ ಹೇಳ್ಕೊಡ್ತಾಳೇನೆ ಅವಳು?" ಎಂದರು.

"ಏನು ಇಳಿದಿರೋದಕ್ಕೆ, ಅಮ್ಮ?"

ಅವರು ತಿರುಗಲಿಲ್ಲ. ಕಿಟಕಿಯ ಸರಳಿಗೆ ಹೇಳುವ ಹಾಗೆ ಹೇಳಿದರು. ಎರಡನೆಯ ಹೆರಿಗೆಯಾದ ಮೂರನೆಯ ತಿಂಗಳು ತಾಮ್ರದ ಹಂಡೆ ಎತ್ತಿದಾಗ ಒಳಗಿನಿಂದ ಏನೋ ಜಾರಿ ಕೆಳಗೆ ಬಂದಂತಾಯಿತು. ಮಲಗಿದರೆ ಒಳಗೆ ಹೋಗುತ್ತಿತ್ತು, ನಿಂತರೆ, ನಕ್ಕರೆ, ಕೆಮ್ಮಿದರೆ ಇಳಿಯುತ್ತಿತ್ತು, ನೆಲದ ಮೇಲೆ ಕೂತರೆ ಒತ್ತುತ್ತಿತ್ತು. ಅವರೇ ಒಳಗೆ ತಳ್ಳಿಕೊಳ್ಳುತ್ತಿದ್ದರು. ಹಳೆಯ ಹತ್ತಿ ಬಟ್ಟೆ ಮಡಿಸಿ ಕಟ್ಟಿಕೊಳ್ಳುತ್ತಿದ್ದರು. ನಲವತ್ತೆಂಟು ವರ್ಷ.

"ಯಾರಿಗೂ ಹೇಳ್ಲಿಲ್ವಾ?"

"ಯಾರಿಗೆ ಹೇಳ್ಲಿ? ನಮ್ಮತ್ತೆಗೆ ಹೇಳೋ ಹಾಗಿತ್ತಾ?" ಸರಳಿನ ಧೂಳನ್ನು ಬೆರಳಿನಿಂದ ಒರೆಸಿದರು. "ನಿಮ್ಮ ಮಾವನಿಗೂ ಹೇಳ್ಲಿಲ್ಲ. ಅವರ ಹತ್ರ ಹೋಗೋದೇ ಬಿಟ್ಟೆ. ಇವಳಿಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡೇ ಅವರು ಹೋಗ್ಬಿಟ್ರು ಕಣೆ."

ನಾನು ಎದ್ದು ಕೂತೆ. ಅವರನ್ನು ಮುಟ್ಟಬೇಕೆನಿಸಿತು. ನಮ್ಮ ಮನೆಯಲ್ಲಿ ಹಾಗೆ ಮುಟ್ಟುವ ಅಭ್ಯಾಸವಿಲ್ಲ. ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದೆ. ಅವರು ಬಂದು ನಿಧಾನವಾಗಿ ಕೂತರು. ಹಾಲಿನವನು ಬಂದು ಎರಡು ಸಲ ಬೆಲ್ ಮಾಡಿದರೂ ಇಬ್ಬರೂ ಏಳಲಿಲ್ಲ.

ಮುಂದಿನ ವಾರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅತ್ತೆ ಜರಿಯಂಚಿನ ಸೀರೆ ಉಟ್ಟು, ಮದುವೆಮನೆಗೆ ಹೊರಟವರ ಹಾಗೆ ಬಂದರು. "ನಾನು ಸುಮ್ನೆ ಇವಳ ಜೊತೆ ಬಂದೆ" ಎಂದರು.

"ಒಳ್ಳೇದಾಯ್ತು ಬನ್ನಿ ಅಮ್ಮ. ಕೂತ್ಕೊಂಡ್ರೆ ಕಷ್ಟ ಆಗುತ್ತಾ, ಮಲಗೇ ಮಾತಾಡ್ತೀರಾ?" ಎಂದಳು ಆ ಹುಡುಗಿ. ಅತ್ತೆ ಅವಳನ್ನೇ ನೋಡಿದರು. ಕೂರುವುದು ಕಷ್ಟವಾಗುತ್ತದೆಯೇ ಎಂದು ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ನಾನು ಹೊರಗೆ ಬೆಂಚಿನ ಮೇಲೆ ಕಾದೆ. ಮುಕ್ಕಾಲು ಗಂಟೆಯಾಯಿತು.

ಗರ್ಭಕೋಶ ಜಾರಿದೆ, ವ್ಯಾಯಾಮವೊಂದರಿಂದಲೇ ಆಗುವುದಿಲ್ಲ ಎಂದು ಅವಳು ಒಬ್ಬ ಲೇಡಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟಳು. ಆ ಡಾಕ್ಟರು ಪರೀಕ್ಷೆ ಮಾಡಿ, ಅಳತೆ ನೋಡಿ, ಒಳಗೆ ಆಸರೆಗೆ ಮೆತ್ತನೆಯ ಒಂದು ರಿಂಗ್ ಇಟ್ಟರು. ಕೆಲವು ತಿಂಗಳಿಗೊಮ್ಮೆ ಬಂದು ತೆಗೆಸಿ, ತೊಳೆಸಿ, ಮತ್ತೆ ಹಾಕಿಸಿಕೊಳ್ಳಬೇಕು ಅಷ್ಟೇ. ಹತ್ತು ನಿಮಿಷದ ಕೆಲಸ. ಅತ್ತೆ ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಾ ನಡುವೆ ನಿಂತರು. ಒಂದು ಮೆಟ್ಟಿಲು ಇಳಿದರು, ಮತ್ತೆ ಹತ್ತಿದರು, ಮತ್ತೆ ಇಳಿದರು.

"ಇಷ್ಟೇನಾ?" ಎಂದರು.

ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಎರಡು ದಿನ ಸಿಟ್ಟಿನಿಂದ ಬೆಂದುಹೋದರು. ಸರಿಯಾಗಿ ಊಟ ಮಾಡಲಿಲ್ಲ. ಕಾಫಿಯ ಲೋಟವನ್ನು ಕುಕ್ಕಿ ಇಟ್ಟರು. ಮಗ ಏನಾಯಿತೆಂದು ಕೇಳಿದರೆ "ಅದು ನಿನಗೆ ಹೇಳೋ ಮಾತಲ್ಲ" ಎಂದರು. ಮೂರನೆಯ ದಿನ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಹುರುಳಿಕಾಯಿ ನಾರು ತೆಗೆಯುತ್ತಾ, "ಯಾರಾದ್ರೂ ಒಬ್ರು ಹೇಳ್ಬೋದಿತ್ತು ಕಣೆ. ಒಬ್ರೇ ಒಬ್ರು" ಎಂದರು. ಅವರ ಜೊತೆ ಒಂದೇ ಸೂರಿನಡಿ ಇಪ್ಪತ್ತು ವರ್ಷ ಬದುಕಿದ್ದೆ. ನಾನೂ ಕೇಳಿರಲಿಲ್ಲ.

ಆಮೇಲೆ ನಾವಿಬ್ಬರೂ ಒಟ್ಟಿಗೆ ಮಾಡತೊಡಗಿದೆವು. ಎರಡು ಚಾಪೆ, ಎರಡು ಸ್ಟೂಲು. ಅತ್ತೆಯದು ಬೇರೆ ಪಾಠ. ಉಸಿರು ಬಿಡುತ್ತಾ ಮೆಲ್ಲಗೆ ಮೇಲಕ್ಕೆಳೆದುಕೊಳ್ಳುವುದು, ಆಮೇಲೆ ಪೂರ್ತಿ ಬಿಡುವುದು. ನನ್ನದು ಬಿಡುವುದರಲ್ಲೇ ಶುರು. ನಸುಕಿನ ನೀಲಿ ಬೆಳಕು ಕಿಟಕಿಯಿಂದ ಬಂದು ಮೊದಲು ಅವರ ಪಾದದ ಮೇಲೆ, ಆಮೇಲೆ ನನ್ನ ಪಾದದ ಮೇಲೆ ಬೀಳುತ್ತಿತ್ತು. ಇಬ್ಬರ ಉಸಿರೂ ಕೆಲವೊಮ್ಮೆ ಒಂದೇ ಲಯಕ್ಕೆ ಬಂದು, ಯಾರದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಆ ಅರ್ಧ ಗಂಟೆಯಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡೇ ಏನೇನೋ ಹೇಳುತ್ತಿದ್ದರು. ಅವರ ತಾಯಿಯ ಮನೆಯ ತೊಟ್ಟಿಯಲ್ಲಿ ಮಳೆನೀರು ತುಂಬಿದಾಗ ಬಿಡುತ್ತಿದ್ದ ಕಾಗದದ ದೋಣಿಗಳು, ಮದುವೆಗೆ ಮುಂಚೆ ಕಲಿಯುತ್ತಿದ್ದ ಈಜು. ಈಜೇ? ಹೌದಂತೆ. ಕೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗೊರಕೆ ಶುರುವಾಗಿರುತ್ತಿತ್ತು.

ಬಿಡುವುದು ಬಂದ ಮೇಲೆ ಫಿಸಿಯೋ ಹುಡುಗಿ ನನಗೆ ಹಿಡಿಯುವುದನ್ನು ಹೇಳಿಕೊಟ್ಟಳು. ಸೀನು ಬರುವ ಮುಂಚಿನ ಆ ಒಂದು ಕ್ಷಣದಲ್ಲಿ ಹಗುರಾಗಿ ಎತ್ತಿಕೊಂಡು, ಸೀನು ಮುಗಿದ ತಕ್ಷಣ ಬಿಟ್ಟುಬಿಡುವುದು. ಮೊದಮೊದಲು ತಪ್ಪುತ್ತಿತ್ತು. ನಾನು ಎತ್ತಿಕೊಳ್ಳುವಷ್ಟರಲ್ಲಿ ಸೀನೇ ಮುಗಿದಿರುತ್ತಿತ್ತು. ಐದನೆಯ ತಿಂಗಳಲ್ಲಿ ಒಂದು ದಿನ ನಿಘಂಟುಗಳ ಕಪಾಟಿನ ಹತ್ತಿರ ಎರಡು ಸೀನು ಬಂದವು. ಕಾದೆ. ಏನೂ ಆಗಲಿಲ್ಲ. ಅಟೆಂಡರಮ್ಮ ದೂರದಿಂದಲೇ ನನ್ನನ್ನು ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಅವರು ಎರಡೂ ಕೈ ಎತ್ತಿ ಸೀಲಿಂಗಿಗೆ ಮುಗಿದರು.

ಪೂರ್ತಿ ಹೋಗಿದೆ ಎಂದು ಹೇಳಲಾರೆ. ನೆಗಡಿ ಕೆಮ್ಮು ಹಿಡಿದ ವಾರ ಈಗಲೂ ಪ್ಯಾಡು ಬೇಕು. ಬೇಸರವಾದ ದಿನ ಹೊಟ್ಟೆ ತಾನಾಗಿಯೇ ಬಿಗಿಯುತ್ತದೆ. ಆದರೆ ನೀರು ಕುಡಿಯುತ್ತೇನೆ. ದಿನಕ್ಕೆ ಏಳೆಂಟು ಸಲ ಹೋಗುತ್ತೇನೆ, ಹೋದಾಗ ನಿಶ್ಚಿಂತೆಯಿಂದ ಕೂರುತ್ತೇನೆ. ಕಳೆದ ತಿಂಗಳು ಗಂಡನ ಜೊತೆ ಊಟಿಗೆ ಹೋಗಿಬಂದೆ.

ಅತ್ತೆಯ ತಂಗಿಯೊಬ್ಬರು ಇಲವಾಲದಲ್ಲಿದ್ದಾರೆ. ಸಿಟಿ ಬಸ್ಸಿನಲ್ಲಿ ಹೋದರೆ ಮುಕ್ಕಾಲು ಗಂಟೆಯೂ ಆಗದ ದಾರಿ. ಆದರೂ ಅತ್ತೆ ಅಲ್ಲಿ ಒಂದು ದಿನವೂ ಉಳಿದಿರಲಿಲ್ಲ. ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಕರೆ ಬಂತು. ನಾನು ಜೊತೆಗೆ ಹೋದೆ. ಊಟವಾದ ಮೇಲೆ ಹೆಂಗಸರೆಲ್ಲ ತೊಟ್ಟಿಲ ಸುತ್ತ ಜಮಖಾನದ ಮೇಲೆ ಕೂತರು. ಅತ್ತೆ ಬಾಗಿಲ ಹತ್ತಿರ ಒಂದು ಗಳಿಗೆ ನಿಂತರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎಲ್ಲರ ನಡುವೆ ಹೋಗಿ ಕೂತರು. ಯಾರೋ ಏನೋ ತಮಾಷೆ ಹೇಳಿದರು. ಅತ್ತೆ ನಕ್ಕರು. ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು, ಆಮೇಲೆ ಹಿಡಿಯದೆ. ತಂಗಿ ಅಕ್ಕನ ಮುಖವನ್ನೇ ಬೆರಗಾಗಿ ನೋಡಿದರು.

ಸಂಜೆ ಹೊರಡುವ ಹೊತ್ತಿಗೆ ನಾನು ಚಪ್ಪಲಿ ಹಾಕಿಕೊಂಡು ನಿಂತೆ.

"ನೀನು ಹೊರಡು" ಎಂದರು ಅತ್ತೆ. "ನಾನು ನಾಳೆ ಬರ್ತೀನಿ."

ಮರುದಿನ ಫೋನು ಮಾಡಿದೆ. ಹಿಂದೆ ನಗುವಿನ ಗದ್ದಲದಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲ. ಇನ್ನೂ ನಾಲ್ಕು ದಿನ ಇರುತ್ತೇನೆ ಎಂದು ಅತ್ತೆ ಹೇಳಿದ ಹಾಗಿತ್ತು. ಒಂದು ವಾರ ಇದ್ದು ಬಂದರು.